ಗುರುತಿನ ಕಾಲಂ

ನಂಜನಗೂಡಿನ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮಹಡಿಯ ಮೇಲಿದ್ದ ನಂಜೇಶ್ ಡೇಟಾ ಸೆಂಟರಿನಲ್ಲಿ ಎರಡು ಕಂಪ್ಯೂಟರು, ಎರಡು ತಿರುಗುವ ಕುರ್ಚಿ, ಒಂದು ಸ್ಟೂಲು ಇದ್ದವು. ಮೊದಲನೇ ಕುರ್ಚಿಯಲ್ಲಿ ಮಧುಶ್ರೀ ಕೂರುತ್ತಿದ್ದಳು. ಎರಡನೇ ಕುರ್ಚಿಯಲ್ಲಿ ಮಾಲೀಕ ನಂಜೇಶನ ಹೆಲ್ಮೆಟ್ಟು ಕೂರುತ್ತಿತ್ತು. ಸ್ಟೂಲಿನ ಮೇಲೆ ಕವನ.

ಹೆಲ್ಮೆಟ್ಟಿಗೆ ಟೈಪಿಂಗ್ ಬರುತ್ತಿರಲಿಲ್ಲ. ಕವನಳಿಗೆ ಅಷ್ಟಿಷ್ಟು ಬರುತ್ತಿತ್ತು. ಆದರೂ ಕುರ್ಚಿ ಮಾತ್ರ ಹೆಲ್ಮೆಟ್ಟಿಗೇ ಸಿಕ್ಕಿತ್ತು. ಹಿಂದೆ ಅಲ್ಲಿ ಕೂರುತ್ತಿದ್ದ ಆಪರೇಟರು ಕೆಲಸ ಬಿಟ್ಟು ಆರು ತಿಂಗಳಾಗಿತ್ತು. ಕವನ ಬೆಳಿಗ್ಗೆ ಕಸ ಗುಡಿಸುವಾಗ ಹೆಲ್ಮೆಟ್ಟನ್ನು ಎತ್ತಿ ಕುರ್ಚಿ ಒರೆಸಿ, ಯಾರೂ ಇಲ್ಲದಿದ್ದರೆ ಒಂದು ಸಲ ಕೂತು, ಒಂದೇ ಒಂದು ಸುತ್ತು ತಿರುಗಿ, ಹೆಲ್ಮೆಟ್ಟನ್ನು ಮೊದಲಿದ್ದಂತೆಯೇ ಇಡುತ್ತಿದ್ದಳು.

ಅವಳ ಊರು ಕಟ್ಟೆಹುಂಡಿ. ಟಿ. ನರಸೀಪುರದ ಕಡೆಗೆ ಹೋಗುವ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಮಾತು ಕಮ್ಮಿ. ಎಲ್ಲಿಗೆ ಎಂದು ಕಂಡಕ್ಟರು ಕೇಳಿದರೆ ಸರಿಯಾದ ಚಿಲ್ಲರೆಯನ್ನು ಮುಂದೆ ಹಿಡಿಯುತ್ತಿದ್ದಳು. ಚಿಲ್ಲರೆ ನೋಡಿಯೇ ಅವನು ಊರು ತಿಳಿದುಕೊಳ್ಳುತ್ತಿದ್ದ. ತಮ್ಮನು ಹುಟ್ಟಿದ ವರ್ಷ ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟಿದ್ದಳು. ಅವ್ವ ಕೂಲಿಗೆ ಹೋದರೆ ಮಗುವನ್ನು ಹಿಡಿಯುವವರು ಬೇಕಿತ್ತು. ತೊಡೆಯ ಮೇಲೆ ಮಗು ಹಾಕಿಕೊಂಡು ಮೂರು ವರ್ಷ ಜಗಲಿಯ ಮೇಲೆ ಕೂತವಳಿಗೆ ಬೀದಿ ನೋಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಹಾಗಾಗಿ ನೋಡಿದಳು. ಯಾರು ಯಾವ ಹೊತ್ತಿಗೆ ಹೋಗುತ್ತಾರೆ, ಹೋಗುವಾಗ ಏನಿತ್ತು, ಬರುವಾಗ ಏನಿಲ್ಲ, ಎಲ್ಲವೂ ಅವಳಿಗೆ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಡೇಟಾ ಸೆಂಟರಿಗೆ ಅವಳು ಬಂದದ್ದು ಗುಡಿಸುವುದಕ್ಕೆ, ಫಾರಂಗಳನ್ನು ನಂಬರಿನ ಪ್ರಕಾರ ಜೋಡಿಸುವುದಕ್ಕೆ. ಜೋಡಿಸುವಾಗ ಮಧುಶ್ರೀ ಟೈಪ್ ಮಾಡಿದ ಹಾಳೆಗಳನ್ನೂ ಓದುತ್ತಿದ್ದಳು. ತಪ್ಪು ಕಂಡರೆ ಹೇಳಲು ನಾಲಿಗೆ ಏಳದೆ, ಪಕ್ಕದಲ್ಲಿ ಪೆನ್ಸಿಲಿನಿಂದ ಎಳ್ಳಿನಷ್ಟು ಚುಕ್ಕಿ ಇಡುತ್ತಿದ್ದಳು. ಒಂದು ತಿಂಗಳು ಕಳೆದ ಮೇಲೆ ಮಧುಶ್ರೀ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಈ ಚುಕ್ಕಿ ಯಾರ್ದು? ಪ್ರಿಂಟರ್ ಕೆಟ್ಟೋಗಿದ್ಯಾ?"

ಕವನ ಪೊರಕೆಯ ಹಿಂದೆ ಅಡಗಲು ನೋಡಿದಳು. ಪೊರಕೆ ಅಷ್ಟು ದಪ್ಪವಿರಲಿಲ್ಲ.

"ನೀನಾ? ಅಯ್ಯೋ ಮಾರಾಯ್ತಿ, ಚುಕ್ಕಿ ಇರೋ ಕಡೆ ಎಲ್ಲಾ ತಪ್ಪಿದೆ ಕಣೇ! ಬಾಯಲ್ಲಿ ಹೇಳಕ್ಕೇನು?"

ಅಂದಿನಿಂದ ಟೈಪ್ ಮಾಡುವುದು ಮಧುಶ್ರೀ, ತಪ್ಪು ಹಿಡಿಯುವುದು ಕವನ ಎಂದಾಯಿತು. ಬಾಯಲ್ಲಿ ಹೇಳುವುದು ಮಾತ್ರ ಆಗಲಿಲ್ಲ. ಮಧುಶ್ರೀ ಊಟಕ್ಕೆ ಮನೆಗೆ ಹೋದಾಗ, ಹೆಲ್ಮೆಟ್ಟಿನ ಪಕ್ಕ ಸ್ಟೂಲು ಎಳೆದುಕೊಂಡು ಎರಡನೇ ಕಂಪ್ಯೂಟರಿನಲ್ಲಿ ತಾನೇ ತಿದ್ದಿಬಿಡುತ್ತಿದ್ದಳು.

ಅದು ಎರಡು ಸಾವಿರದ ನಾಲ್ಕನೇ ಇಸವಿ. ಪರದೆಯ ಮೇಲೆ ಕನ್ನಡ ಕಾಣುತ್ತಿತ್ತೇ ಹೊರತು ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಒಳಗೊಳಗೇ ಅದು ಎಲ್ಲವನ್ನೂ ಇಂಗ್ಲಿಷ್ ಎಂದು ತಿಳಿದು, ತನಗೆ ಸರಿಕಾಣದ್ದನ್ನು ಯಾರನ್ನೂ ಕೇಳದೆ ತಿದ್ದುತ್ತಿತ್ತು. ರುದ್ರಮ್ಮ ಎಂದು ಟೈಪ್ ಮಾಡಿ ಪಟ್ಟಿಯ ಮುಂದಿನ ಮನೆಗೆ ಹಾರುವಷ್ಟರಲ್ಲಿ ರುದ್ರಮ್ಮನ ತಲೆ ಹೋಗಿ ಅಲ್ಲೊಂದು ಕೊಂಬು ಬಂದಿರುತ್ತಿತ್ತು. ಹಾಗಾಗಿ ನೂರು ಹೆಸರಿಗೆ ಮೂವತ್ತು ತಪ್ಪು ಗ್ಯಾರಂಟಿ.

ಆಗ ಬಂದದ್ದು ಕಣ್ಣಿನ ಕ್ಯಾಂಪಿನ ಕೆಲಸ. ಕ್ಯಾಂಪು ನಡೆಸುತ್ತಿದ್ದವರು ಶಿವಣ್ಣ ಮೇಷ್ಟ್ರು. ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ಎದುರು ಕೂತವರನ್ನೆಲ್ಲ ಏಳನೇ ತರಗತಿ ಎಂದೇ ತಿಳಿದಿದ್ದರು. ಬಟ್ಟೆ ಚೀಲದಿಂದ ಎರಡು ಕಟ್ಟು ಫಾರಂ ತೆಗೆದು ಮೇಜಿನ ಮೇಲಿಟ್ಟರು. ಒಂದು ಮೇಗಲಹುಂಡಿಯದು. ಇನ್ನೊಂದು ಕಟ್ಟೆಹುಂಡಿಯದು, ಎಂಬತ್ತಮೂರು ಜನ.

"ನೋಡಪ್ಪ ನಂಜೇಶ. ಒಬ್ಬೊಬ್ರಿಗೂ ಅಳತೆ ತಗೊಂಡು ಕನ್ನಡಕ ಮಾಡ್ಸಿದೀವಿ. ಕ್ಯಾಂಪಿನ ದಿನ ನಂಬರ್ ಚೀಟಿ ಕೊಟ್ಟಿದ್ವಿ. ಈಗ ಹೋಗಿ ಕೇಳಿದ್ರೆ ಒಬ್ಬ ಚೀಟೀಲಿ ಎಲೆಅಡಿಕೆ ಸುತ್ತಿದಾನೆ, ಒಬ್ಬಳು ಸೀರೆ ಜೊತೆ ಒಗ್ದಿದಾಳೆ. ಒಬ್ರತ್ರಾನೂ ಇಲ್ಲ. ಇನ್ನು ಹೆಸರೇ ಗತಿ. ಇದು ಸರಿಯಾಗಿ ಬಂದ್ರೆ ಉಳಿದ ಹನ್ನೊಂದು ಊರಿನ ಕೆಲಸಾನೂ ನಿಂಗೇ. ಒಬ್ಬನ ಕನ್ನಡಕ ಇನ್ನೊಬ್ಬನ ಮೂಗಿನ ಮೇಲೆ ಕೂತ್ರೆ ನೀನು ಗೊಬ್ಬರ ಮಾರೋದು ವಾಸಿ."

ಮೇಷ್ಟ್ರು ಇಳಿದು ಹೋದ ಮೇಲೆ ನಂಜೇಶ ಕವನಳ ಕಡೆ ತಿರುಗಿದ.

"ಕೇಳಿಸ್ಕೊಂಡ್ಯೇನವ್ವ? ಹೆಸ್ರುಗಳಲ್ಲಿ ಒಂದೂ ತಪ್ಪಿಲ್ದಂಗೆ ಈ ಪಟ್ಟಿ ಹೋದ್ರೆ ನನ್ನ ಹೆಲ್ಮೆಟ್ಟು ಆ ಕುರ್ಚಿಯಿಂದ ಎದ್ದೋಗ್ತದೆ. ನೀನು ಕೂತ್ಕೋ. ತಪ್ಪು ಬಂತು ಅಂದ್ರೆ ಪೊರಕೆ ಒಂದೇ ನಿಂಗೆ. ಕಂಪ್ಯೂಟರ್ ಹತ್ರ ಬರಂಗಿಲ್ಲ."

ಕವನ ತಲೆಯಾಡಿಸಿದಳು. ಅವತ್ತು ಬಸ್ಸಿನಲ್ಲಿ ಕೂತಾಗಲೂ ಸೀಟು ತಿರುಗುತ್ತಿರುವಂತೆ ಅನ್ನಿಸುತ್ತಿತ್ತು.

ಮರುದಿನ ಕೆಲಸಕ್ಕೆ ಕೂತರೆ ತಪ್ಪುಗಳ ಗುಡ್ಡೆ. ಫಾರಂ ಬರೆದವರು ಮೈಸೂರಿನ ಕಾಲೇಜು ಹುಡುಗರು. ಊರಿನವರು ಹೇಳಿದ್ದು ಒಂದು, ಅವರು ಬರೆದದ್ದು ಒಂದು, ಕಂಪ್ಯೂಟರು ತಿದ್ದಿದ್ದು ಇನ್ನೊಂದು. ಅದನ್ನೆಲ್ಲ ಕವನ ಎರಡು ದಿನದಲ್ಲಿ ಸರಿಮಾಡಿದಳು. ಸರಿಮಾಡಿ ಮುಗಿದ ಮೇಲೆಯೇ ಕಷ್ಟ ಶುರುವಾಯಿತು. ಕಟ್ಟೆಹುಂಡಿಯಲ್ಲಿ ಒಂಬತ್ತು ಜನ ಮಂಟೇಸ್ವಾಮಿಗಳಿದ್ದರು. ಒಂಬತ್ತರಲ್ಲಿ ನಾಲ್ವರ ತಂದೆ ಸಿದ್ದಯ್ಯ. ಒಬ್ಬರೂ ತಪ್ಪಲ್ಲ, ಎಲ್ಲರೂ ಸರಿ. ಇಷ್ಟು ಚೆನ್ನಾಗಿ ಸರಿಯಿದ್ದರೆ ಯಾರ ಕನ್ನಡಕ ಯಾರಿಗೆ ಎಂದು ಮೇಷ್ಟ್ರಿಗೆ ಹೇಗೆ ಗೊತ್ತಾಗಬೇಕು?

ಫಾರಂನ ಕೊನೆಯಲ್ಲಿ 'ತೊಂದರೆ ಏನು' ಎಂಬ ಸಾಲಿತ್ತು. ಒಬ್ಬ ಮಂಟೇಸ್ವಾಮಿ 'ಸೈಕಲ್ಲಿನ ಮುಂದೆ ಗುಂಡಿ ಕಾಣದು' ಎಂದಿದ್ದ. ಇನ್ನೊಬ್ಬ 'ಪೇಪರು ಓದಲಾಗದು'. ಮತ್ತೊಬ್ಬ 'ಟಿವಿಯಲ್ಲಿ ಮುಖ ಕಾಣದು, ದನಿ ಕೇಳುತ್ತದೆ'. ನಾಲ್ಕನೆಯವನು 'ಅನ್ನದಲ್ಲಿ ಕಲ್ಲು ಕಾಣದು'. ಓದುತ್ತ ಓದುತ್ತ ಕವನಳಿಗೆ ನಗು ಬಂತು. ಯಾರು ಯಾರೆಂದು ಅವಳಿಗೆ ಗೊತ್ತಾಗಿಹೋಯಿತು. ಮೂರು ವರ್ಷ ಜಗಲಿಯ ಮೇಲೆ ಸುಮ್ಮನೆ ಕೂತಿದ್ದಳೇ?

ಪಟ್ಟಿಯಲ್ಲಿ ಏಳು ಕಾಲಂ ಇದ್ದವು. ಎಂಟನೆಯದರ ತಲೆಯ ಮೇಲೆ 'ಗುರುತು' ಎಂದು ಟೈಪ್ ಮಾಡಿದಳು. ತನ್ನ ಲೆಕ್ಕಕ್ಕೆ ಮಾತ್ರ. ಫಾರಂ ಮತ್ತೊಮ್ಮೆ ತಾಳೆ ನೋಡುವಾಗ ಒಬ್ಬರು ಇನ್ನೊಬ್ಬರಾಗಬಾರದು ಎಂದು.

ಮೊದಲನೆಯದು ಚಿಕ್ಕದಾಗಿತ್ತು: 'ಸೈಕಲ್ಲಿನವರು.' ಅದನ್ನು ನೋಡಿದಳು. ಪೂರ್ತಿ ನಿಜವಲ್ಲ ಅನ್ನಿಸಿತು. ಅಳಿಸಿ ಬರೆದಳು: 'ಸೈಕಲ್ಲು ತಳ್ಳಿಕೊಂಡೇ ಹೋಗುವವರು. ಹತ್ತಿದ್ದನ್ನು ಯಾರೂ ನೋಡಿಲ್ಲ.' ಈಗ ಸರಿಯಾಯಿತು.

ಆಮೇಲೆ ನಿಲ್ಲಲಿಲ್ಲ. ಬಾಯಿಗೆ ಬಾರದ್ದು ಬೆರಳಿಗೆ ಬರತೊಡಗಿತು. ಪೇಪರಿನ ಮಂಟೇಸ್ವಾಮಿಗೆ, 'ಪೇಪರು ತಲೆಕೆಳಗಾಗಿದ್ದರೂ ತಲೆದೂಗುವವರು.' ಟಿವಿಯ ಮಂಟೇಸ್ವಾಮಿಗೆ, 'ಸೊಸೆ ಧಾರಾವಾಹಿ ನೋಡುವಾಗ ಬೈಯುತ್ತ ಪೂರ್ತಿ ನೋಡುವವರು.' ಅನ್ನದವನಿಗೆ, 'ಊಟ ಮುಗಿದ ಮೇಲೆ ಉಪ್ಪು ಕಮ್ಮಿ ಅನ್ನುವವರು.' ಇಬ್ಬರು ಗುರುಬಸಮ್ಮಂದಿರಿದ್ದರು. ಒಬ್ಬರಿಗೆ, 'ಹಪ್ಪಳ ಒಣಹಾಕಿ ಕಾಗೆ ಬೈಯುವವರು.' ಇನ್ನೊಬ್ಬರಿಗೆ, 'ಆ ಹಪ್ಪಳವನ್ನು ಕಾಗೆಗೆ ಹಾಕುವವರು.' ಸ್ವಂತ ಅಜ್ಜಿ ಪಾಪಮ್ಮನನ್ನೂ ಬಿಡಲಿಲ್ಲ. 'ಕಣ್ಣು ಕಾಣದು ಅನ್ನುತ್ತದೆ. ಕಡಲೆಮಿಠಾಯಿ ಎಲ್ಲಿಟ್ಟರೂ ಕಾಣುತ್ತದೆ.' ಒಂದೇ ಹೆಸರಿನವರು ಮುಗಿದ ಮೇಲೆ, ಬೇಕಿಲ್ಲದಿದ್ದರೂ, ಉಳಿದವರಿಗೂ ಬರೆದಳು.

ಮಧುಶ್ರೀ ಊಟ ಮುಗಿಸಿ ಬರುವ ಸದ್ದು ಮೆಟ್ಟಿಲಿನ ಮೇಲೆ ಕೇಳಿದರೆ ಸಾಕು, ಎಂಟನೇ ಕಾಲಮ್ಮನ್ನು ಹೈಡ್ ಮಾಡಿಬಿಡುತ್ತಿದ್ದಳು. ಕಾಲಂ ಇರುತ್ತಿತ್ತು, ಕಾಣುತ್ತಿರಲಿಲ್ಲ. ಈ ವಿದ್ಯೆಯನ್ನು ಕಲಿಸಿದವಳೂ ಮಧುಶ್ರೀಯೇ. ಕವನಳಿಗೆ ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದು. ಮನುಷ್ಯರಿಗೂ ಅಂಥದೊಂದು ಬಟನ್ ಇದ್ದಿದ್ದರೆ ಎಂದುಕೊಳ್ಳುತ್ತಿದ್ದಳು.

ಶನಿವಾರ ಸಂಜೆ ಕೊನೆಯ ಸಾಲಿಗೆ ಬಂದಿದ್ದಳು. ಎಂಬತ್ತಮೂರನೆಯವರು ಸಣ್ಣಯ್ಯ. ಊರಿಗೆ ಒಬ್ಬನೇ ಸಣ್ಣಯ್ಯ, ಗುರುತು ಬೇಕೇ ಇಲ್ಲ. ಆದರೂ ಏನಾದರೂ ಬರೆಯೋಣವೆಂದು ಕೂತಳು. ಬಸ್ ನಿಲ್ದಾಣದ ಕಲ್ಲಿನ ಮೇಲೆ ದಿನವಿಡೀ ಕೂರುವ ಮುದುಕ. ದಿನಾ ಬೆಳಿಗ್ಗೆ ಸರಿಯಾಗಿ ಬಸ್ಸು ಹೊರಡುವ ಹೊತ್ತಿಗೇ ಎದ್ದು, ಬಸ್ಸಿನ ಮುಂದೆಯೇ ನಿಂತು ಪಂಚೆ ಬಿಚ್ಚಿ ಕಟ್ಟುತ್ತಿದ್ದ. ಡ್ರೈವರು ಹಾರನ್ ಹೊಡೆದರೂ ಅವಸರವಿಲ್ಲ. ಅದನ್ನು ಬರೆಯುವುದು ಚೆನ್ನಾಗಿರುವುದಿಲ್ಲ. ಬೇರೆ ಏನೂ ಹೊಳೆಯಲಿಲ್ಲ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತು. ಆ ಮನೆಯನ್ನು ಖಾಲಿ ಬಿಟ್ಟು, ಕಾಲಮ್ಮನ್ನು ಹೈಡ್ ಮಾಡಿ, ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಪ್ರಿಂಟು ತೆಗೆಯುವುದು ನಂಜೇಶನ ಕೆಲಸ.

ನಂಜೇಶ ಅಚ್ಚುಕಟ್ಟಿನ ಮನುಷ್ಯ. ಅವಳು ಹೋದ ಮೇಲೆ ಪಟ್ಟಿ ತೆರೆದ. ಒಂದು ಕಾಲಂ ಅಗಲ, ಒಂದು ಸಣ್ಣ. ಅವನಿಗೆ ಸರಿಕಾಣಲಿಲ್ಲ. ಇಡೀ ಹಾಳೆಯನ್ನು ಒಟ್ಟಿಗೆ ಹಿಡಿದು, ಎಲ್ಲ ಕಾಲಮ್ಮೂ ಒಂದೇ ಅಗಲವಾಗುವಂತೆ ಎಳೆದ. ಹಾಗೆ ಎಳೆದರೆ ಅಡಗಿದ್ದವೂ ಎದ್ದು ಬಂದು ಸಾಲಿನಲ್ಲಿ ನಿಲ್ಲುತ್ತವೆ. ಹಾಳೆ ಉದ್ದಕ್ಕೆ ಸಾಲದಾಯಿತು. ಅಡ್ಡಕ್ಕೆ ತಿರುಗಿಸಿ ಪ್ರಿಂಟು ಹೊಡೆದ. ಓದಲಿಲ್ಲ. ಓದುವುದಕ್ಕೆ ಕವನ ಇದ್ದಳಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಕಟ್ಟೆಹುಂಡಿಯ ಶಾಲೆಯ ಜಗಲಿ ತುಂಬಿಹೋಗಿತ್ತು. ಶಿವಣ್ಣ ಮೇಷ್ಟ್ರು ಬೆಳಿಗ್ಗೆಯೇ ಮೇಗಲಹುಂಡಿ ಮುಗಿಸಿ ಬಂದಿದ್ದರು. ಮುಗಿಸಿದ್ದೇನು, ಅಲ್ಲಿಂದ ತಪ್ಪಿಸಿಕೊಂಡು ಬಂದಿದ್ದರು. ಕನ್ನಡಕದ ಪೆಟ್ಟಿಗೆಗಳನ್ನು ಸ್ಕೂಟರಿನ ಹಿಂದೆ ಹಿಡಿದು ಕೂತಿದ್ದ ನಂಜೇಶನ ಮುಖವೂ ಬಾಡಿತ್ತು.

"ಐದು ಜನ ಬಸಮ್ಮ ಕಣಯ್ಯ ಅಲ್ಲಿ," ಎಂದು ಮೇಷ್ಟ್ರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಒಂದು ಪೆಟ್ಟಿಗೆ ತೆಗೆದ್ರೆ ಐದು ಕೈ. ಒಬ್ಬಳದ್ದು ಇನ್ನೊಬ್ಬಳು ಹಾಕ್ಕೊಂಡು, ನೆಲ ಎದ್ದು ಬತ್ತದೆ ಸಾ ಅಂತ ನನ್ನ ತೋಳು ಹಿಡ್ಕೊಂಡು ಕೂತುಬಿಟ್ಳು. ಹೆಸ್ರೆಲ್ಲಾ ಸರಿಯಾಗೇ ಇದ್ವು. ಆದ್ರೇನು ಬಂತು?"

ಕವನ ಕಂಬದ ಹಿಂದೆ, ಅಜ್ಜಿ ಪಾಪಮ್ಮನ ಪಕ್ಕ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮೇಗಲಹುಂಡಿಯ ಜಗಲಿಯ ಮೇಲೆ ಅವಳು ಕೂತಿರಲಿಲ್ಲ. ಅಲ್ಲಿಯ ಬಸಮ್ಮಂದಿರು ಅವಳಿಗೆ ಗೊತ್ತಿರಲಿಲ್ಲ.

ಇನ್ನೊಂದು ತೊಡಕು ಯಾರಿಗೂ ಮೊದಲು ಹೊಳೆದಿರಲಿಲ್ಲ. ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಓದುವವರು ಯಾರು? ಅದರಲ್ಲಿದ್ದವರೆಲ್ಲ ಕಣ್ಣು ಕಾಣದವರೇ. ಯಾರಾದರೂ ಕೂಗಿ ಓದಬೇಕು. ಊರಿಗೆ ನೀರು ಬಿಡುವ ನೀರುಗಂಟಿ ಬೆಟ್ಟಯ್ಯ ಮುಂದೆ ಬಂದ. ಅರವತ್ತು ದಾಟಿದವರಲ್ಲಿ ಕನ್ನಡಕ ಬೇಡವೆಂದು ಡಾಕ್ಟರು ಹೇಳಿದ್ದು ಅವನೊಬ್ಬನಿಗೇ. ಆ ದಿನದಿಂದ ಅಂಗಡಿಯ ಬೋರ್ಡು, ಬೆಂಕಿಪೊಟ್ಟಣ, ಏನು ಸಿಕ್ಕರೂ ಗಟ್ಟಿಯಾಗಿ ಓದುತ್ತಿದ್ದ. ಅವನ ದನಿ ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರಿಗೂ ಕೇಳುತ್ತಿತ್ತು.

ನಂಜೇಶ ಹಾಳೆಗಳನ್ನು ಬೆಟ್ಟಯ್ಯನ ಕೈಗಿತ್ತ. ಹಾಳೆ ಅಡ್ಡವಾಗಿತ್ತು.

ತಾನು ಇಟ್ಟಿದ್ದು ಉದ್ದಕ್ಕೆ ಎಂಬುದು ಕವನಳಿಗೆ ನೆನಪಿತ್ತು. ಅಷ್ಟು ದೂರದಿಂದಲೇ ಕಾಲಂ ಎಣಿಸಿದಳು. ಎಂಟು.

"ಅಜ್ಜಿ, ಮನೆಗೋಗನ ಬಾ," ಎಂದು ಪಾಪಮ್ಮನ ಸೆರಗೆಳೆದಳು.

"ಯಾಕ್ ಕೂಸೇ? ನನ್ನ ಕನ್ನಡ್ಕ ಕೊಡ್ದೆ ನಾನ್ ಬತ್ತೀನಾ? ಸುಮ್ನೆ ನಿಂತ್ಕೊ."

ಬೆಟ್ಟಯ್ಯ ಗಂಟಲು ಸರಿಮಾಡಿಕೊಂಡ. "ಪುಟ ಒಂದು! ಕಟ್ಟೆಹುಂಡಿ ಗ್ರಾಮ! ಕ್ರಮ ಸಂಖ್ಯೆ ಒಂದು. ಗುರುಬಸಮ್ಮ. ಗಂಡ ಬಸವಯ್ಯ. ವಯಸ್ಸು ಅರವತ್ನಾಲ್ಕು. ಎಡಗಣ್ಣು ಎರಡೂವರೆ, ಬಲಗಣ್ಣು ಮೂರು. ಗುರುತು. ಹಪ್ಪಳ ಒಣಹಾಕಿ ಕಾಗೆ ಬೈಯುವವರು!"

ಹೆಂಗಸರ ಕಡೆಯಿಂದ ಒಂದು ನಗು ಸೆರಗಿನ ಸಂದಿಯಿಂದ ಹೊರಬಿತ್ತು. ಅದರ ಹಿಂದೆ ಇನ್ನಷ್ಟು.

"ಕ್ರಮ ಸಂಖ್ಯೆ ಎರಡು. ಗುರುಬಸಮ್ಮ. ಗಂಡ ಬಸವಯ್ಯ. ಗುರುತು. ಆ ಹಪ್ಪಳವನ್ನು ಕಾಗೆಗೆ ಹಾಕುವವರು!"

"ಓಹೋ!" ಎಂದು ಮೊದಲನೇ ಗುರುಬಸಮ್ಮ ಎದ್ದು ನಿಂತಳು. "ನೀನೇನಮ್ಮೀ ನನ್ನ ಹಪ್ಳ ಕಾಗೆಗಾಕ್ತಿದ್ದುದ್ದು? ಅಷ್ಟ್ ದಿನದಿಂದ ಕಾಗೆ ಬಯ್ದು ಬಯ್ದು ಗಂಟ್ಲು ಕಟ್ಟೋಯ್ತು ನಂದು!"

"ಅಯ್ ಬುಡಕ್ಕ, ಮುರ್ದೋಗಿದ್ದ ಹಪ್ಳ ಮಾತ್ರ ಆಕ್ತಿದ್ದೆ," ಎಂದಳು ಎರಡನೆಯವಳು.

ಬೆಟ್ಟಯ್ಯನನ್ನು ನಿಲ್ಲಿಸಲು ನಂಜೇಶ ಕೈಯೆತ್ತಿದ. "ಆ ಕಡೇ ಕಾಲಂ ಓದ್ಬೇಡಿ ಬೆಟ್ಟಯ್ಯ, ಅದೇನೋ ತಪ್ಪಾಗದೆ."

"ಬರ್ದಿರದ್ನ ಬಿಡಕಾದದಾ ಸಾ? ನನ್ನ ಮ್ಯಾಲೆ ಬತ್ತದೆ ಆಮ್ಯಾಕೆ," ಎಂದು ಬೆಟ್ಟಯ್ಯ ಮುಂದುವರಿಸಿದ. ಪಾಪಮ್ಮನ ಸಾಲು ಬಂದಾಗ ಕವನ ಕಂಬವನ್ನು ಅಪ್ಪಿಕೊಂಡಿದ್ದಳು. ಕಡಲೆಮಿಠಾಯಿಯ ವಿಷಯ ಕೇಳಿ ಅಜ್ಜಿ ಮೆಲ್ಲಗೆ ಕತ್ತು ತಿರುಗಿಸಿ ಮೊಮ್ಮಗಳನ್ನು ನೋಡಿತು. ಆ ಡಬ್ಬ ಎಲ್ಲಿದೆಯೆಂದು ಮನೆಯಲ್ಲಿ ಬಲ್ಲವರು ಇಬ್ಬರೇ.

"ಓ ನಮ್ಮವ್ವ," ಎಂದಿತು ಅಜ್ಜಿ. "ಬರ್ದೋಳು ನೀನೇಯಾ!"

ಅದು ಪಿಸುಮಾತೇ. ಆದರೆ ಪಾಪಮ್ಮನ ಕಿವಿಯೂ ಅಷ್ಟಕ್ಕಷ್ಟೇ ಆದ್ದರಿಂದ ಅದರ ಪಿಸುಮಾತು ಜಗಲಿಯ ತುದಿಯವರೆಗೂ ಹೋಗುತ್ತಿತ್ತು. ಎಂಬತ್ತು ಜನ ತಿರುಗಿ, ಕಣ್ಣು ಕಿರಿದು ಮಾಡಿಕೊಂಡು, ಕಂಬದ ಕಡೆ ನೋಡಿದರು. ಅವರಿಗೆ ಸರಿಯಾಗಿ ಕಾಣುವುದಿಲ್ಲ ಎಂಬುದೊಂದೇ ಕವನಳಿಗೆ ಸಮಾಧಾನ.

ನಂಜೇಶನಿಗೆ ಮಾತ್ರ ಕಾಣುತ್ತಿತ್ತು. ಅವನು ಕಣ್ಣಲ್ಲೇ ಅವಳ ಕೈಗೆ ಪೊರಕೆ ಕೊಟ್ಟ.

ಅಷ್ಟರಲ್ಲಿ ಮಂಟೇಸ್ವಾಮಿಗಳು ಬಂದರು. ಶಿವಣ್ಣ ಮೇಷ್ಟ್ರು ಮೇಗಲಹುಂಡಿಯನ್ನು ನೆನೆದು ಪೆಟ್ಟಿಗೆಗಳನ್ನು ಎದೆಗೆ ಅವುಚಿಕೊಂಡರು. "ಮಂಟೇಸ್ವಾಮಿ, ತಂದೆ ಸಿದ್ದಯ್ಯ," ಎಂದ ಕೂಡಲೇ ನಾಲ್ವರು ಎದ್ದರು. "ಗುರುತು. ಸೈಕಲ್ಲು ತಳ್ಳಿಕೊಂಡೇ ಹೋಗುವವರು, ಹತ್ತಿದ್ದನ್ನು ಯಾರೂ ನೋಡಿಲ್ಲ," ಎಂದ ಕೂಡಲೇ ಮೂವರು ಕೂತರು.

ನಿಂತೇ ಉಳಿದವನು ಸುತ್ತ ನೋಡಿದ. ಇಡೀ ಊರು ಅವನನ್ನೇ ತೋರಿಸುತ್ತಿತ್ತು.

"ಅದು... ಚೈನು ಉದ್ರೋಗದೆ ಕಣ್ರಪ್ಪಾ."

"ಇಪ್ಪತ್ ವರ್ಷದಿಂದ್ಲೂವಾ ಮಂಟಣ್ಣ?" ಎಂದು ಯಾರೋ ಕೂಗಿದರು.

ಅವನು ಹೋಗಿ ಪೆಟ್ಟಿಗೆ ತೆಗೆದುಕೊಂಡ. ಹಾಕಿಕೊಂಡು ನೋಡಿದ. ಸರಿಯಾಗಿ ಕಾಣಿಸಿತು. ಪೇಪರಿನವನು ಬಂದ, ಟಿವಿಯವನು ಬಂದ, ಉಪ್ಪಿನವನು ಬಂದ. ಒಂಬತ್ತು ಪೆಟ್ಟಿಗೆ ಒಂಬತ್ತು ಮೂಗಿಗೆ ನೆಟ್ಟಗೆ ಹೋಗಿ ಕೂತವು. ಮೇಷ್ಟ್ರ ತೋಳನ್ನು ಯಾರೂ ಹಿಡಿದುಕೊಳ್ಳಲಿಲ್ಲ.

ಆದರೆ ಕನ್ನಡಕ ಸಿಕ್ಕ ಮೇಲೆ ಜನ ಮನೆಗೆ ಹೋಗಲಿಲ್ಲ. ಪಟ್ಟಿ ನೋಡಬೇಕೆಂದರು. ಈಗ ಕಣ್ಣು ಕಾಣುತ್ತಿತ್ತಲ್ಲ. ಓದು ಬರುತ್ತಿದ್ದವರು ಬೆಟ್ಟಯ್ಯನ ಭುಜದ ಮೇಲೆ ಬಿದ್ದು ತಮ್ಮ ಸಾಲು ಓದಿದರು, ಬಾರದವರಿಗೆ ಓದಿ ಹೇಳಿದರು. ಆಮೇಲೆ ಕಂಬದ ಕಡೆಗೆ ಬಂದರು. ಕವನಳಿಗೆ ಓಡಲು ಜಾಗವಿರಲಿಲ್ಲ. ಹಿಂದೆ ಗೋಡೆ.

"ನೋಡ್ ಕೂಸೇ," ಎಂದ ಪೇಪರಿನ ಮಂಟೇಸ್ವಾಮಿ. "ತಲೆಕೆಳಗೆ ಇಡ್ದಿದ್ದು ಒಂದೇ ಒಂದ್ ದಿನ. ಅದನ್ನೇ ದಿನಾಲೂ ಅನ್ನಂಗೆ ಬರ್ದಿದ್ದೀಯಲ್ಲ. ಸರಿಮಾಡು."

"ನಂದೂ ತಪ್ಪದೆ," ಎಂದಳು ರುದ್ರಮ್ಮ. "ಎರ್ಡು ಕೋಳಿಗೆ ಹೆಸ್ರಿಟ್ಟಿರವರು ಅಂತ ಅದೆ. ಈಗ ಐದವೆ ಕಣವ್ವ."

"ನಾನು ನಶ್ಯ ಬುಟ್ಟು ಯುಗಾದಿಗೆ ಒಂದ್ ವರ್ಷ," ಎಂದ ಇನ್ನೊಬ್ಬ.

"ಯಾವ್ ಯುಗಾದಿಗ್ಲಾ?" ಎಂದ ಬೆಟ್ಟಯ್ಯ ಹಾಳೆಯಿಂದ ತಲೆಯೆತ್ತದೆ. "ಬರೋ ಯುಗಾದಿಗಾ?"

ಯಾರೂ ಬೈಯುತ್ತಿಲ್ಲ ಎಂಬುದು ಕವನಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವರು ತಪ್ಪು ತಿದ್ದಿಸಿಕೊಳ್ಳಲು ಬಂದಿದ್ದರು. ಅದು ಅವಳ ಕೆಲಸ. ಜೇಬಿನಿಂದ ನಂಜೇಶನೇ ಕೆಂಪು ಪೆನ್ನು ತೆಗೆದು ಕೊಟ್ಟ, ಹಲ್ಲು ಕಚ್ಚಿಕೊಂಡು. ಅವಳು ಜಗಲಿಯ ಅಂಚಿನಲ್ಲಿ ಕೂತಳು, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಐದು ಕೋಳಿಗೂ ಹೆಸ್ರಿಟ್ಟಿದ್ದೀರಾ, ಎರಡಕ್ಕೇ ನಿಲ್ಸಿದ್ದೀರಾ?" ಎಂದು ಕೇಳಿದ್ದು ತನ್ನದೇ ದನಿ ಎಂದು ತಿಳಿದಾಗ ಅವಳಿಗೇ ಬೆರಗಾಯಿತು. ಕೇಳದೆ ತಿದ್ದುವಂತಿರಲಿಲ್ಲ. ಕೇಳದೆ ತಿದ್ದುವುದು ಕಂಪ್ಯೂಟರಿನ ಚಾಳಿ.

ಎಲ್ಲರದೂ ಮುಗಿಯಿತು ಅನ್ನುವಾಗ ಒಂದು ಪೆಟ್ಟಿಗೆ ಉಳಿದಿತ್ತು. ಸಣ್ಣಯ್ಯನದು. ಅವನು ಜಗಲಿಯ ಮೆಟ್ಟಿಲಿನ ಮೇಲೆ ಕೂತೇ ಇದ್ದ. ಕರೆದರೂ ಏಳಲಿಲ್ಲ.

"ಯಾಕ್ ಸಣ್ಣಯ್ಯ, ಕನ್ನಡಕ ಬೇಡ್ವಾ?" ಎಂದು ಮೇಷ್ಟ್ರು ಕೇಳಿದರು.

"ನಂದು ಓದುವಾಗ ಬೆಟ್ಟ ಬಲಗಣ್ಣಿಗೇ ನಿಲ್ಸುಬುಟ್ಟ ಸಾ. ಎಲ್ರುಗೂ ಗುರ್ತು ಓದ್ದ. ನಂಗೆ ಓದ್ನಿಲ್ಲ."

"ಬರ್ದಿಲ್ಲ ಕಣಣ್ಣ, ಖಾಲಿ ಬುಟ್ಟವರೆ," ಎಂದ ಬೆಟ್ಟಯ್ಯ. ಮೊದಲ ಸಲ ಅವನ ದನಿ ಸಣ್ಣದಾಗಿತ್ತು.

"ಅದೇ ಅಂದೆ." ಸಣ್ಣಯ್ಯ ನೆಲ ನೋಡಿದ. "ಗುರ್ತಿಲ್ದವ್ನಿಗ್ಯಾಕೆ ಕನ್ನಡ್ಕ ಬುಡಿ. ಇನ್ಯಾರಿಗಾದ್ರೂ ಆಯ್ತದೆ."

ಕವನ ಹಾಳೆಯ ಖಾಲಿ ಮನೆಯನ್ನು ನೋಡಿದಳು. ಅವನ ಮು‌ಖ ನೋಡಲಾಗದೆ ಮೇಷ್ಟ್ರ ಚೀಲದಿಂದ ಅವನ ಫಾರಂ ಹುಡುಕಿ ತೆಗೆದಳು. 'ತೊಂದರೆ ಏನು' ಎಂಬಲ್ಲಿ ಕಾಲೇಜು ಹುಡುಗ ಬರೆದಿದ್ದ: 'ದೂರದಿಂದ ಓಡಿ ಬರುವವರು ಯಾರೆಂದು ತಿಳಿಯದು.'

ಇದನ್ನು ಅವಳು ಮೊದಲೂ ಓದಿದ್ದಳು. ಅಕ್ಷರ ನೋಡಿದ್ದಳು, ತಪ್ಪಿರಲಿಲ್ಲ, ಮುಂದೆ ಹೋಗಿದ್ದಳು. ಈಗ ನಿಂತಳು. ಓಡಿ ಬರುವವರು. ಬೆಳಿಗ್ಗೆ ಎಂಟೂಕಾಲರ ಬಸ್ಸಿಗೆ ಓಡಿ ಬರುವವರು ಊರಿನಲ್ಲಿ ಬೇರೆ ಯಾರಿದ್ದಾರೆ? ತಮ್ಮನಿಗೆ ಉಣ್ಣಿಸಿ, ನೀರು ಹಿಡಿದಿಟ್ಟು, ಜಡೆ ಅರ್ಧ ಹೆಣೆದುಕೊಂಡು ಕೇರಿಯ ತುದಿಯಿಂದ ಅವಳು ಓಡುವಾಗ, ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ ಸಣ್ಣಯ್ಯನ ಪಂಚೆ ಸಡಿಲವಾಗುತ್ತಿತ್ತು. ಅವಳು ಮೆಟ್ಟಿಲು ಹತ್ತಿದ ಮೇಲೆ ಬಿಗಿಯಾಗುತ್ತಿತ್ತು. ಒಂದು ವರ್ಷದಲ್ಲಿ ಅವಳಿಗೆ ಒಂದು ದಿನವೂ ಬಸ್ಸು ತಪ್ಪಿರಲಿಲ್ಲ. ಡ್ರೈವರು ಒಳ್ಳೆಯವನು ಎಂದುಕೊಂಡಿದ್ದಳು.

ಇಡೀ ಊರನ್ನು ನೋಡಿದವಳು ಇದನ್ನು ನೋಡಿರಲಿಲ್ಲ. ಕೆಂಪು ಪೆನ್ನು ಹಿಡಿದು, ಅಕ್ಷರಗಳನ್ನು ದುಂಡಗೆ ಮಾಡಿ ಬರೆದು, ಬೆಟ್ಟಯ್ಯನಿಗೆ ಕೊಟ್ಟಳು.

"ಕ್ರಮ ಸಂಖ್ಯೆ ಎಂಬತ್ಮೂರು!" ಬೆಟ್ಟಯ್ಯನ ದನಿ ಮತ್ತೆ ಕೆರೆ ದಾಟಿತು. "ಸಣ್ಣಯ್ಯ! ಗುರುತು. ಓಡಿ ಬರುವವರಿಗಾಗಿ ಬಸ್ಸು ನಿಲ್ಲಿಸುವವರು!"

ಯಾರೂ ನಗಲಿಲ್ಲ. ಸಣ್ಣಯ್ಯ ಎದ್ದು, ಪಂಚೆ ಸರಿಮಾಡಿಕೊಂಡು, ಬಂದು ಪೆಟ್ಟಿಗೆ ತೆಗೆದುಕೊಂಡ. ಕನ್ನಡಕ ಹಾಕಿಕೊಂಡು ಮೊದಲು ದೂರದ ನೀರಿನ ಟ್ಯಾಂಕು ನೋಡಿದ. ಆಮೇಲೆ ಕವನಳನ್ನು ಮೇಲಿಂದ ಕೆಳಕ್ಕೆ ನೋಡಿದ.

"ಓ, ಪಾಪಕ್ಕನ ಮೊಮ್ಮಗ್ಳಾ ನೀನು? ಅಷ್ಟ್ ದಿನದಿಂದ ಇಸ್ಕೂಲ್ ಮೇಡಮ್ಮು ಅಂದ್ಕಂಡು ನಿಲ್ಲಿಸ್ತಿದ್ನಲ್ಲ!"

ಈಗ ಎಲ್ಲರೂ ನಕ್ಕರು. ಕವನಳೂ ನಕ್ಕಳು. ಕಂಬ ಬೇಕಾಗಲಿಲ್ಲ.

ಶಿವಣ್ಣ ಮೇಷ್ಟ್ರು ಖಾಲಿ ಪೆಟ್ಟಿಗೆಗಳನ್ನು ಚೀಲಕ್ಕೆ ಹಾಕುತ್ತಿದ್ದರು. ನಂಜೇಶ ಪಟ್ಟಿಯನ್ನು ಎತ್ತಿಕೊಂಡ. ಕೆಂಪು ಗೀಟುಗಳನ್ನು ಒಂದೊಂದಾಗಿ ಎಣಿಸಿದ.

"ಮೂವತ್ತೊಂದು," ಎಂದ. "ಒಂದೂ ತಪ್ಪಿರ್ಬಾರ್ದು ಅಂದಿದ್ದೆ. ಮೂವತ್ತೊಂದು ಕಡೆ ತಿದ್ದಿದ್ದೀಯ. ನಾನೇನ್ ಮಾಡ್ಲಿ ಹೇಳು."

ಕವನ ಚಪ್ಪಲಿಯ ತುದಿ ನೋಡಿದಳು. ಚಿಲ್ಲರೆ ಮುಂದೆ ಹಿಡಿದು ಹೇಳುವ ಉತ್ತರ ಇದಕ್ಕೆ ಇರಲಿಲ್ಲ.

"ಹೆಸ್ರುಗಳಲ್ಲಿ ಅಂದಿದ್ರಿ ಸಾ," ಎಂದಳು. "ಹೆಸ್ರುಗಳಲ್ಲಿ ಒಂದೂ ಇಲ್ಲ. ನೋಡ್ಕೊಳ್ಳಿ."

ನಂಜೇಶ ಮತ್ತೆ ನೋಡಿದ. ಹೆಸರಿನ ಕಾಲಂ ಮೇಲಿನಿಂದ ಕೆಳಗಿನವರೆಗೆ ಬೆಳ್ಳಗಿತ್ತು. ಗೀಟುಗಳೆಲ್ಲ ಎಂಟನೆಯದರಲ್ಲೇ.

"ಅವ್ಳು ಹೇಳೋದು ಸರಿ ಕಣಯ್ಯ," ಎಂದರು ಮೇಷ್ಟ್ರು. "ಉಳಿದ ಹನ್ನೊಂದು ಊರಿನ ಫಾರಂ ನಾಳೆ ಕಳಿಸ್ತೀನಿ. ಆದ್ರೆ ಒಂದು. ಈ ಹುಡುಗಿ ಒಂದೊಂದೂರಲ್ಲೂ ಒಂದಿನ ಜಗಲಿ ಮೇಲೆ ಕೂತು ಬರ್ಲಿ. ನಿನ್ನ ಕಂಪ್ಯೂಟರಿಗೆ ಜನ ಗೊತ್ತಿಲ್ಲ. ಮೇಗಲಹುಂಡಿಗೇ ಮೊದ್ಲು. ನನ್ನ ತೋಳು ಇನ್ನೂ ನೋಯ್ತಿದೆ."

ಸೋಮವಾರ ಎಂಟೂಕಾಲರ ಬಸ್ಸು ಸಣ್ಣಯ್ಯನ ಪಂಚೆಗಾಗಿ ಎಂದಿನಂತೆ ನಿಂತಿತು. ಅವನು ಕನ್ನಡಕದೊಳಗಿಂದ ಅವಳು ಓಡಿ ಬರುವುದನ್ನು ನೋಡುತ್ತ, "ನಿಧಾನುಕ್ ಬಾ ಕೂಸೇ, ಇನ್ನೂ ಕಟ್ಟಿಲ್ಲ," ಎಂದು ಕೂಗಿದ.

ಡೇಟಾ ಸೆಂಟರಿನಲ್ಲಿ ಹೆಲ್ಮೆಟ್ಟು ಸ್ಟೂಲಿನ ಮೇಲೆ ಕೂತಿತ್ತು.

ಕವನ ಎರಡನೇ ಕುರ್ಚಿಯಲ್ಲಿ ಕೂತಳು. ಹಗಲು ಹೊತ್ತಿನಲ್ಲಿ, ಎಲ್ಲರೂ ಇರುವಾಗ ಕೂತರೆ ಅದು ಬೇರೆ ಥರ ಮೆತ್ತಗಿತ್ತು. ತಿರುಗಬೇಕೆನ್ನಿಸಿತು, ತಿರುಗಲಿಲ್ಲ. ಮಧುಶ್ರೀ ತನ್ನ ಕಾಲಿನಿಂದ ಆ ಕುರ್ಚಿಯನ್ನು ಒದ್ದು ತಾನೇ ಒಂದು ಸುತ್ತು ತಿರುಗಿಸಿದಳು.

ಮಧ್ಯಾಹ್ನ ಮಧುಶ್ರೀ ಊಟಕ್ಕೆ ಹೋದ ಮೇಲೆ ನಂಜೇಶ ಬಂದು ಕಿಟಕಿಯ ಹತ್ತಿರ ನಿಂತ. ಹೊರಗೆ ನೋಡುತ್ತ, ಹೆಲ್ಮೆಟ್ಟಿನ ಮೇಲಿದ್ದ ಧೂಳನ್ನು ಬೆರಳಿನಿಂದ ಒರೆಸಿದ.

"ಕವನಾ, ಊರವ್ರುಗೆಲ್ಲಾ ಬರ್ದ್ಯಲ್ಲ. ಇಲ್ಲಿರೋರ್ಗೆ... ನಂಗೆ ಏನಾದ್ರೂ ಬರ್ದಿದ್ದೀಯಾ?"

"ಆ ಪಟ್ಟೀಲಿ ಇಲ್ಲ ಸಾ," ಎಂದಳು ಕವನ.

ನಂಜೇಶ ಸಮಾಧಾನವಾಗಿ ಮೆಟ್ಟಿಲಿಳಿದು ಹೋದ. ಅವನ ಹೆಜ್ಜೆಯ ಸದ್ದು ಬೀದಿ ಸೇರಿದ ಮೇಲೆ ಅವಳು ಸಿಬ್ಬಂದಿ ಹಾಜರಾತಿಯ ಪಟ್ಟಿ ತೆರೆದು, ಅಡಗಿದ್ದ ಕಾಲಮ್ಮನ್ನು ಹೊರಗೆ ಎಳೆದಳು. ನಂಜೇಶನ ಹೆಸರಿನ ಮುಂದೆ, 'ಹೆಲ್ಮೆಟ್ಟಿಗೆ ಕುರ್ಚಿ ಕೊಟ್ಟವರು' ಎಂದಿತ್ತು. ಹಳೆಯದಾಗಿಹೋಗಿತ್ತು. ಅಳಿಸಿ, ಸ್ವಲ್ಪ ಯೋಚಿಸಿ, 'ಹೆಲ್ಮೆಟ್ಟನ್ನು ಕುರ್ಚಿಯಿಂದ ಎಬ್ಬಿಸಿದವರು' ಎಂದು ತಿದ್ದಿ, ಮತ್ತೆ ಹೈಡ್ ಮಾಡಿದಳು.